ಎತ್ತಬೇಡಿ, ಎಳೆಯಿರಿ: ಜೂಡೊ ಥ್ರೋ ಕಲಿಯುವ ಕ್ರಮ

ಬಳ್ಳಾರಿ ಕಡೆಯ ಹುಡುಗರ ರಟ್ಟೆಯಲ್ಲಿ ಕಸುವಿಗೇನೂ ಕೊರತೆ ಇಲ್ಲ. ತೊಂದರೆ ಶುರುವಾಗುವುದೇ ಅಲ್ಲಿಂದ. ಗರಡಿ ಮನೆಯಲ್ಲಿ ಬೆಳೆದವರು, ಹೊಲದಲ್ಲಿ ಚೀಲ ಹೊತ್ತವರು ಜೂಡೊ ಮ್ಯಾಟಿಗೆ ಬಂದ ಮೊದಲ ದಿನವೇ ಎದುರಿನವನನ್ನು ತಬ್ಬಿ, ಎತ್ತಿ, ಒಗೆದುಬಿಡುತ್ತಾರೆ. "ಬಿದ್ದ ನೋಡ್ರಿ ಸರ್!" ಅನ್ನುವ ಖುಷಿ ಬೇರೆ. ಬಿದ್ದದ್ದು ನಿಜ, ಆದರೆ ಬಿದ್ದವನು ತನಗಿಂತ ಹಗುರ ಇದ್ದ. ಸಮತೂಕದವನು ಸಿಕ್ಕ ದಿನ ಇದೇ ಹುಡುಗ ಸೊಂಟ ಹಿಡಿದುಕೊಂಡು ಮೂಲೆಯಲ್ಲಿ ಕೂರುತ್ತಾನೆ.

ತೋರಣಗಲ್ಲು ಹತ್ತಿರದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಜೂಡೊ ತರಬೇತಿ ಇರುವುದರಿಂದ ನಮ್ಮ ಜಿಲ್ಲೆಗೆ ಈ ಆಟದ ಹೆಸರು ಹೊಸದಲ್ಲ. ಆದರೆ ಊರೂರಿನಲ್ಲಿ ಮೊಬೈಲ್ ನೋಡಿಕೊಂಡು ಕಲಿಯುವವರೇ ಜಾಸ್ತಿ. ಅವರಿಗಾಗಿ ಇದು.

ಜೂಡೊ ಹುಟ್ಟುಹಾಕಿದ ಜಿಗೋರೊ ಕಾನೊ 1882ರಲ್ಲಿ ಟೋಕಿಯೊದಲ್ಲಿ ಕಟ್ಟಿದ ಕೋಡೋಕಾನ್ ಸಂಸ್ಥೆಯ ಪಟ್ಟಿಯಲ್ಲಿ ಈಗ 68 ಥ್ರೋಗಳಿವೆ. ನಿಮಗೆ ಸದ್ಯಕ್ಕೆ ಒಂದು ಸಾಕು: ಓ ಗೋಶಿ, ಅಂದರೆ ಸೊಂಟದ ಮೇಲಿಂದ ಉರುಳಿಸುವ ಥ್ರೋ. ಇದನ್ನು ಬಿಟ್ಟು ನೇರ ಸಿಯೋಯಿ ನಾಗೆಗೆ ಹಾರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನೋಡಲು ಚೆಂದ ಅಂತ ಭುಜದ ಥ್ರೋ ಬೇಕು, ಕಾಲು ಎಲ್ಲಿಡಬೇಕು ಅನ್ನುವುದು ಮಾತ್ರ ಗೊತ್ತಿರುವುದಿಲ್ಲ.

ಸಾಮಾನು

ಮ್ಯಾಟ್ ಕನಿಷ್ಠ 40 ಮಿ.ಮೀ. ದಪ್ಪ ಇರಲಿ, ಫೋಮ್ ಗಟ್ಟಿ ಇರಲಿ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ, ಒಂದಕ್ಕೊಂದು ಸಿಕ್ಕಿಸುವ 10-12 ಮಿ.ಮೀ. ಚೌಕಗಳು ಮಗು ಅಂಬೆಗಾಲಿಡಲು ಸರಿ, ಥ್ರೋಗೆ ಅಲ್ಲ. ಓಡಾಟದಲ್ಲಿ ಜಾಯಿಂಟು ಬಿಟ್ಟುಕೊಂಡು, ಕಾಲ್ಬೆರಳು ಆ ಸಂದಿಗೇ ಹೋಗಿ ಸಿಕ್ಕಿಕೊಳ್ಳುತ್ತದೆ. ಮನೆಯ ಹತ್ತಿ ಗಾದಿಯೂ ಬೇಡ. ಬೀಳುವವನಿಗೆ ಮೆತ್ತಗಿರುತ್ತದೆ, ಒಪ್ಪಿದೆ. ಆದರೆ ಎಸೆಯುವವನ ಪಾದ ಅದರಲ್ಲಿ ಹೂತುಬಿಡುತ್ತದೆ. ಮೈ ತಿರುಗುತ್ತದೆ, ಪಾದ ತಿರುಗುವುದಿಲ್ಲ. ಪೆಟ್ಟು ಮಂಡಿಗೆ.

ಡ್ರೆಸ್ ಜೂಡೊದ್ದೇ ಆಗಬೇಕು. ಕರಾಟೆ ಡ್ರೆಸ್ ತೆಳು, ನಾಲ್ಕು ಸಲ ಜಗ್ಗಿದರೆ ಕಂಕುಳಲ್ಲಿ ಹರಿಯುತ್ತದೆ. ಉಗುರು ಕತ್ತರಿಸಿ, ಉಂಗುರ, ಸರ, ಕೈಕಡಗ ತೆಗೆದಿಡಿ. ಡ್ರೆಸ್ ದಿನಾ ಒಗೆಯಿರಿ. ನಮ್ಮ ಬಿಸಿಲಿಗೆ ಒಣಗಲಿಲ್ಲ ಅನ್ನುವ ನೆಪವಂತೂ ನಡೆಯುವುದಿಲ್ಲ. ಬೇಸಿಗೆಯಲ್ಲಿ ಬೆಳಿಗ್ಗೆ ಆರಕ್ಕೆ ಶುರು ಮಾಡಿ ಎಂಟರೊಳಗೆ ಮುಗಿಸಿ. ತಗಡಿನ ಶೆಡ್ಡಿನಲ್ಲಿ ಆಮೇಲೆ ನಿಲ್ಲಲಾಗದು. ವಗ್ಗಾಣಿ-ಮಿರ್ಚಿ ಪ್ರಾಕ್ಟೀಸ್ ಆದ ಮೇಲೆ, ಮೊದಲಲ್ಲ.

ಮೊದಲು ಬೀಳಲು ಕಲಿಯಿರಿ

ಇದಕ್ಕೆ ಉಕೆಮಿ ಅನ್ನುತ್ತಾರೆ. ಮಲಗಿ, ಆಮೇಲೆ ಕುಕ್ಕುರುಗಾಲಲ್ಲಿ ಕೂತು, ಕೊನೆಗೆ ನಿಂತು ಮಾಡಿ. ಗಲ್ಲ ಎದೆಗೆ ಅಂಟಿರಬೇಕು, ಕಣ್ಣು ಸೊಂಟದ ಬೆಲ್ಟಿನ ಗಂಟಿನ ಮೇಲಿರಬೇಕು. ಬೆನ್ನು ತಾಗುವ ಹೊತ್ತಿಗೇ ಅಂಗೈ ಮತ್ತು ಮುಂಗೈ ಪೂರ್ತಿ ಮ್ಯಾಟಿಗೆ ಬಡಿಯಬೇಕು. ಕೈ ಮೈಯಿಂದ ತೀರಾ ದೂರ ಚಾಚಿರಬಾರದು. ಉಸಿರು ಹೊರಗೆ ಬಿಡಿ. ಬೀಳುವಾಗ ಕೈಯೂರಿ ತಡೆಯಲು ಹೋದರೆ ಮಣಿಕಟ್ಟೋ ಮೊಣಕೈಯೋ ಹೋಗುತ್ತದೆ. ಒಂದು ವಾರ ಇಷ್ಟೇ ಮಾಡಿ. ಬೇಜಾರಾಗುತ್ತೆ, ಆಗಲಿ.

ಎಲ್ಲರೂ ಎಡವುವ ಜಾಗ

ಥ್ರೋದಲ್ಲಿ ಮೂರು ಭಾಗ. ಎದುರಿನವನ ತೋಲ ತಪ್ಪಿಸುವುದು ಕುಜುಶಿ, ಒಳಗೆ ಹೊಕ್ಕು ಜಾಗ ಹಿಡಿಯುವುದು ತ್ಸುಕುರಿ, ಎಸೆಯುವುದು ಕಾಕೆ. ನಮ್ಮವರು ಮೊದಲನೆಯದನ್ನು ಬಿಟ್ಟು ಮೂರನೆಯದಕ್ಕೆ ಕೈ ಹಾಕುತ್ತಾರೆ. ರೀಲ್ಸ್‌ನಲ್ಲಿ ಕಾಣುವುದೂ ಕೊನೆಯ ಅರೆ ಸೆಕೆಂಡು ಅಲ್ವಾ, ಅದಕ್ಕೇ.

ಬಲಗೈಯವರ ಲೆಕ್ಕದಲ್ಲಿ ಹೇಳುತ್ತೇನೆ. ನಿಮ್ಮ ಎಡಗೈ ಅವನ ಬಲತೋಳಿನ ಬಟ್ಟೆಯನ್ನು ಮೊಣಕೈ ಹತ್ತಿರ ಹಿಡಿದಿರಲಿ. ಬಲಗೈ ಅವನ ಕಾಲರ್ ಮೇಲಿರಲಿ. ಕಿರುಬೆರಳು, ಉಂಗುರಬೆರಳು ಬಿಗಿ, ಉಳಿದವು ಸಡಿಲ. ಐದೂ ಬೆರಳು ಬಿಗಿದರೆ ಎರಡು ನಿಮಿಷಕ್ಕೇ ಮುಂಗೈ ಸೋಲುತ್ತದೆ.

ಈಗ ಎಡಗೈ ಎಳೆತ. ಕೈಗಡಿಯಾರದಲ್ಲಿ ಟೈಮ್ ನೋಡುವವರ ಹಾಗೆ ಮೊಣಕೈಯನ್ನು ಭುಜದ ಮಟ್ಟಕ್ಕೆ ಎತ್ತಿ ಮಣಿಕಟ್ಟನ್ನು ನಿಮ್ಮ ಕಡೆ ತಿರುಗಿಸಿ. ಕಿರುಬೆರಳು ಮೇಲೆ ಬರಬೇಕು. ಎಳೆತದ ದಿಕ್ಕು ಮುಂದಕ್ಕೆ ಮತ್ತು ಮೇಲಕ್ಕೆ. ನೂರಕ್ಕೆ ತೊಂಬತ್ತು ಜನ ಕೆಳಕ್ಕೆ ಎಳೆಯುತ್ತಾರೆ. ಕೆಳಕ್ಕೆ ಎಳೆದರೆ ಅವನು ಮಂಡಿ ಮಡಿಸಿ ಸೊಂಟ ಹಿಂದಿಟ್ಟು ಇನ್ನೂ ಗಟ್ಟಿಯಾಗಿ ನಿಲ್ಲುತ್ತಾನೆ. ನೀವೇ ಅವನನ್ನು ಬೇರೂರಿಸಿ ನಿಲ್ಲಿಸಿದಂತಾಯಿತು.

ಸರಿ ಆಯಿತೋ ಇಲ್ಲವೋ ಅಂತ ತಿಳಿಯಲು ಅವನ ಮುಖ ನೋಡಬೇಡಿ. ಮೂರನೆಯವನೊಬ್ಬನನ್ನು ಪಕ್ಕದಲ್ಲಿ ಕೂರಿಸಿ, ಹಿಮ್ಮಡಿ ನೋಡಲು ಹೇಳಿ. ಎಳೆದಾಗ ಅವನ ಹಿಮ್ಮಡಿ ಮ್ಯಾಟ್ ಬಿಟ್ಟು ಎದ್ದು, ಭಾರ ಕಾಲ್ಬೆರಳಿಗೆ ಬಂದರೆ ಕುಜುಶಿ ಆಯಿತು. ಹಿಮ್ಮಡಿ ಏಳಲಿಲ್ಲವೆಂದರೆ ಒಳಗೆ ಹೋಗಲೇಬೇಡಿ, ಮತ್ತೆ ಎಳೆಯಿರಿ. "ಎತ್ತಬ್ಯಾಡಪ್ಪಾ, ಎಳಿ" ಅಂತ ಕಿರುಚಿ ಕಿರುಚಿ ನನ್ನ ಗಂಟಲು ಹೋಗಿದೆ.

ಇನ್ನೊಂದು ತಪ್ಪು, ಹೊತ್ತಿನದು. ಮೊದಲು ತಿರುಗಿ ಆಮೇಲೆ ಎಳೆಯುವವರಿದ್ದಾರೆ. ಎದುರಿನವನಿಗೆ ಬೆನ್ನು ಕೊಟ್ಟು ಸುಮ್ನೆ ನಿಂತ ಹಾಗೆ ಅದು. ಅವನು ಹಿಂದಿನಿಂದ ತಬ್ಬಿ ನಿಮ್ಮನ್ನೇ ಬೀಳಿಸುತ್ತಾನೆ. ಎಳೆತ ಮೊದಲು ಶುರುವಾಗಬೇಕು, ಕಾಲು ಅದರ ಹಿಂದೆ ಬರಬೇಕು, ಮತ್ತು ತಿರುಗಿ ಮುಗಿಯುವವರೆಗೂ ಎಳೆತ ಸಡಿಲಬಾರದು. ಇದಕ್ಕೆ ಒಂದು ಅಭ್ಯಾಸ ಇದೆ. ಇಬ್ಬರೂ ಹಿಡಿದುಕೊಂಡು ನಡೆಯಿರಿ, ನೀವು ಹಿಂದಕ್ಕೆ, ಅವನು ಮುಂದಕ್ಕೆ. ಅವನ ಬಲಗಾಲು ನೆಲಕ್ಕೆ ಇಳಿಯುತ್ತಿದೆ, ಭಾರ ಇನ್ನೂ ಪೂರ್ತಿ ಕೂತಿಲ್ಲ ಅನ್ನುವ ಕ್ಷಣಕ್ಕೆ ಎಳೆಯಿರಿ. ಬೇಗ ಎಳೆದರೆ ಭಾರ ಹಿಂದಿನ ಕಾಲಲ್ಲೇ ಉಳಿದಿರುತ್ತದೆ, ತಡವಾದರೆ ಗಟ್ಟಿಯಾಗಿ ಊರಿರುತ್ತಾನೆ. ಥ್ರೋ ಬೇಡ, ಬರೀ ಎಳೆತ. ಇದನ್ನು ದಿನಕ್ಕೆ ಹತ್ತು ನಿಮಿಷ ಮಾಡಿಸಿದರೆ ಮುಂದಿನ ಅರ್ಧ ಕೆಲಸ ತಾನೇ ಹಗುರಾಗುತ್ತದೆ.

ಒಳಗೆ ಹೊಗುವುದು

ಬಲ ಪಾದವನ್ನು ಅವನ ಬಲ ಪಾದದ ಮುಂದೆ, ಒಳಬದಿಗೆ ಇಡಿ. ಅದರ ಮೇಲೆ ತಿರುಗುತ್ತಾ ಎಡ ಪಾದವನ್ನು ಹಿಂದಕ್ಕೆ ತಂದು ಅವನ ಎಡ ಪಾದದ ಮುಂದೆ ಇಡಿ. ನಿಮ್ಮ ಎರಡೂ ಪಾದ ಅವನ ಪಾದಗಳ ಅಗಲದೊಳಗೇ ಇರಬೇಕು. ಇಬ್ಬರ ಕಾಲ್ಬೆರಳೂ ಒಂದೇ ದಿಕ್ಕಿಗೆ. ಅಷ್ಟರಲ್ಲಿ ಬಲಗೈ ಕಾಲರ್ ಬಿಟ್ಟು ಅವನ ಸೊಂಟ ಬಳಸಿರಬೇಕು.

ಮಂಡಿ ಮಡಿಸಿ, ನಿಮ್ಮ ಬೆಲ್ಟ್ ಅವನ ಬೆಲ್ಟಿಗಿಂತ ಕೆಳಗೆ ಬರಲಿ. ಬೆನ್ನು ಬಾಗಿಸಿ ತಗ್ಗುವುದಲ್ಲ. ಪೃಷ್ಠ ಅವನ ಬಲ ಸೊಂಟವನ್ನು ತುಸು ದಾಟಿ ಹೊರಗೆ ಇರಲಿ. ಇಲ್ಲಿ ಕದಲದೆ ನಿಂತು, ಮೂರನೆಯವನಿಗೆ ನಿಮ್ಮ ಬೆನ್ನು ಮತ್ತು ಅವನ ಎದೆ ನಡುವೆ ಅಂಗೈ ತೂರಿಸಲು ಹೇಳಿ. ಅಂಗೈ ಹೋಯಿತಾ? ಮೊದಲಿಂದ ಶುರು ಮಾಡಿ.

ಎಸೆತ

ಮಂಡಿ ನೆಟ್ಟಗೆ ಮಾಡಿ, ತಲೆ ಎಡಕ್ಕೆ ತಿರುಗಿಸಿ, ಎಡಗೈಯನ್ನು ನಿಮ್ಮ ಎಡ ಜೇಬಿನ ಕಡೆ ಎಳೆಯಿರಿ. ಅಷ್ಟೇ. ಅವನು ಬಿದ್ದ ಮೇಲೂ ತೋಳು ಬಿಡಬೇಡಿ, ಸ್ವಲ್ಪ ಮೇಲಕ್ಕೆ ಜಗ್ಗಿ ಹಿಡಿಯಿರಿ. ಎಡಗೈ ಬಡಿದು ಬೆನ್ನ ಮೇಲೆ ಬೀಳಲು ಅವನಿಗೆ ಅನುಕೂಲ, ತಲೆಗೂ ಪೆಟ್ಟಾಗುವುದಿಲ್ಲ.

ಪ್ರಾಕ್ಟೀಸ್

ಎಸೆಯದೆ ಒಳಹೊಕ್ಕು ಹೊರಬರುವುದನ್ನು ಉಚಿಕೋಮಿ ಅನ್ನುತ್ತಾರೆ. ಹತ್ತರ ಐದು ಸೆಟ್ ಸಾಕು, ಆದರೆ ಪ್ರತಿ ಸಲವೂ ಹಿಮ್ಮಡಿ ಏಳಬೇಕು. ಲೆಕ್ಕ ತುಂಬಿಸಲು ದಡದಡ ನೂರು ಮಾಡುವವರು ತಪ್ಪನ್ನೇ ನೂರು ಸಲ ಗಟ್ಟಿ ಮಾಡಿಕೊಳ್ಳುತ್ತಾರೆ. ಜೊತೆಗಾರ ಇಲ್ಲದ ದಿನ ಹಳೇ ಸೈಕಲ್ ಟ್ಯೂಬನ್ನು ಕಂಬಕ್ಕೋ ಕಿಟಕಿ ಸರಳಿಗೋ ಎದೆಮಟ್ಟಕ್ಕೆ ಕಟ್ಟಿ ಎಳೆಯಿರಿ. ಪಂಕ್ಚರ್ ಅಂಗಡಿಯಲ್ಲಿ ಪುಕ್ಕಟೆ ಸಿಗುತ್ತದೆ. ದುಡ್ಡು ಕೊಟ್ಟು ಬಣ್ಣದ ರಬ್ಬರ್ ಬ್ಯಾಂಡ್ ತರುವುದರಲ್ಲಿ ನನಗೆ ಅರ್ಥ ಕಂಡಿಲ್ಲ. ಬಿರುಕು ಬಿಟ್ಟ ಟ್ಯೂಬ್ ಮಾತ್ರ ಬೇಡ, ಕಿತ್ತು ಮುಖಕ್ಕೆ ಹೊಡೆಯುತ್ತದೆ.

ಬಿಡು ಕುಸ್ತಿಯಂತಹ ರಂದೋರಿಗೆ ಇಳಿಯುವುದು ಆಮೇಲೆ. ಗರಡಿಯಿಂದ ಬಂದವರಿಗೆ ಇಲ್ಲೊಂದು ಮಾತು: ನಿಂತ ಆಟದಲ್ಲಿ ಕೈ ಹಾಕಿ ಕಾಲು ಹಿಡಿಯುವಂತಿಲ್ಲ, 2013ರಿಂದ ಅಂತರರಾಷ್ಟ್ರೀಯ ನಿಯಮ ಹಾಗಿದೆ. ಭುಜದ ಮೇಲಿಂದ ಎಸೆಯುವ ನಿಮ್ಮ ಧೋಬಿ ಪಛಾಡ್ ಮಾತ್ರ ಇಲ್ಲಿಯೂ ಕೆಲಸಕ್ಕೆ ಬರುತ್ತದೆ. ಇಪ್ಪೋನ್ ಸಿಯೋಯಿ ನಾಗೆ ಅದಕ್ಕೆ ಬಹಳ ಹತ್ತಿರ, ಓ ಗೋಶಿ ಕೈಗೂಡಿದ ಮೇಲೆ ಅದನ್ನೇ ಕಲಿಯಿರಿ.

ಕಾಲು ಕೊಯ್ದು ಹಿಂದಕ್ಕೆ ಬೀಳಿಸುವ ಓ ಸೋಟೊ ಗಾರಿಗೆ ಆತುರ ಬೇಡ. ಕಲಿಯಲು ಸುಲಭ ಅಂತ ಎಲ್ಲರೂ ಅದನ್ನೇ ಮೊದಲು ಹೇಳಿಕೊಡುತ್ತಾರೆ. ಎಸೆಯುವವನಿಗೆ ಸುಲಭ, ನಿಜ. ಆದರೆ ಬೀಳುವವನ ತಲೆಯ ಹಿಂಭಾಗ ನೇರ ನೆಲಕ್ಕೆ ಹೋಗುತ್ತದೆ. ಜಪಾನಿನಲ್ಲಿ ಜೂಡೊ ಕಲಿಯುವ ಮಕ್ಕಳ ತಲೆಗೆ ಗಂಭೀರ ಪೆಟ್ಟಾದ ಪ್ರಕರಣಗಳಲ್ಲಿ ಈ ಥ್ರೋದ ಹೆಸರೇ ಹೆಚ್ಚು ಬರುತ್ತದೆ. ಹಿಂದಕ್ಕೆ ಬೀಳುವಾಗ ಗಲ್ಲ ತಾನಾಗಿ ಎದೆಗೆ ಅಂಟದ ಹುಡುಗನ ಮೇಲೆ ಇದನ್ನು ಹಾಕಲೇಬೇಡಿ.