ನಾಯಕರ ಹಳೇ ಟ್ರಾಫಿಕ್ ಕೇಸ್ ನಿಜವೋ ಸುಳ್ಳೋ, ಪತ್ತೆ ಮಾಡುವುದು ಹೇಗೆ?

ಅಧಿಕಾರಕ್ಕೆ ಬರುವ ಮುಂಚೆ ಆ ನಾಯಕ ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದಿದ್ದ ಅಂತ ವಾಟ್ಸಾಪ್‌ನಲ್ಲಿ ಬಂದರೆ ಸುಮ್ನೆ ಫಾರ್ವರ್ಡ್ ಮಾಡಬೇಡಿ. ಮೊದಲು ಊರು, ತಾರೀಖು, ದಂಡ ಹುಡುಕಿ. ಅಮೆರಿಕದ ಮಾಜಿ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಕೇಸ್‌ನಲ್ಲಿ ಮೂರೂ ಸಿಗುತ್ತವೆ: ಮೇನ್ ರಾಜ್ಯದ ಕೆನೆಬಂಕ್‌ಪೋರ್ಟ್, 1976ರ ಸೆಪ್ಟೆಂಬರ್ 4, ತಪ್ಪೊಪ್ಪಿಕೊಂಡು ಕಟ್ಟಿದ 150 ಡಾಲರ್, ಜೊತೆಗೆ ಆ ರಾಜ್ಯದಲ್ಲಿ ಗಾಡಿ ಓಡಿಸುವ ಹಕ್ಕಿಗೂ ಕತ್ತರಿ.

ಆಮೇಲೆ ಸುದ್ದಿ ಯಾವಾಗ ಹೊರಬಂತು ನೋಡಿ. ಬುಷ್ ವಿಷಯದಲ್ಲಿ ಅದು 2000ದ ನವೆಂಬರ್ 2, ಅಧ್ಯಕ್ಷ ಚುನಾವಣೆಯ ಮತದಾನಕ್ಕೆ ಐದೇ ದಿನ ಮುಂಚೆ. ಅನುಮಾನ ಬರುತ್ತದೆ, ಅಲ್ವಾ? ಆದರೆ ಟೈಮಿಂಗ್ ನೋಡಿಯೇ ಸುಳ್ಳು ಅಂತ ತೀರ್ಮಾನಿಸಬೇಡಿ, ಜಾಸ್ತಿ ಜನ ಎಡವುವುದು ಇಲ್ಲೇ. ಕೊನೆಗೆ ಆ ವ್ಯಕ್ತಿ ಏನು ಹೇಳಿದ ಅಂತ ಹುಡುಕಿ. ಬುಷ್ ಅವತ್ತೇ ಒಪ್ಪಿಕೊಂಡರು. ಅವರ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಡಿಕ್ ಚೇನಿಯದೂ ಇಂಥವೇ ಎರಡು ಕೇಸ್ ಇದ್ದವು, 1962 ಮತ್ತು 1963ರಲ್ಲಿ, ವಯೋಮಿಂಗ್ ರಾಜ್ಯದಲ್ಲಿ.