ತೊಗರಿ ಗುಂಪಿನ ಮುಖಂಡರೇ, ಮೊದಲು ಕೇಳಿ, ಆಮೇಲೆ ಹೇಳಿ

ಕಲಬುರಗಿ ಕಡೆ ರೈತರ ಗುಂಪು ನಡೆಸುವವರಿಗೆ ಇದು. ಸಭೆಯಲ್ಲಿ ಯಾರಾದರೂ "ತೊಗರಿ ಒಣಗಲಕತ್ತದ್ರಿ" ಅಂದ ಕೂಡಲೇ "ನೀರು ಸಾಲಿಲ್ಲ ಬಿಡ್ರಿ" ಅಂತ ತೀರ್ಪು ಕೊಡಬೇಡಿ. ಹೊಲ ಪೂರ್ತಿ ಒಣಗಿದೆಯಾ, ಅಲ್ಲಲ್ಲಿ ಮಾತ್ರನಾ, ಹೋದ ವರ್ಷ ಅಲ್ಲಿ ಏನು ಬಿತ್ತಿದ್ದರು ಅಂತ ಕೇಳಿ, ಆಮೇಲೆ ಹೊಲಕ್ಕೇ ಹೋಗಿ ಒಂದು ಗಿಡ ಕಿತ್ತು ಕಾಂಡ ಸೀಳಿ ನೋಡಿ. ಒಳಗೆ ಕಂದು-ಕಪ್ಪು ಗೆರೆ ಕಂಡರೆ ಅದು ನೆಟೆ ರೋಗದ, ಅಂದರೆ ಶಿಲೀಂಧ್ರದಿಂದ ಗಿಡ ಬಾಡಿ ಒಣಗುವ ರೋಗದ ಗುರುತು. ಅದರ ಶಿಲೀಂಧ್ರ ಮಣ್ಣಲ್ಲೇ ಇರುತ್ತದೆ, ನೀರು ಬಿಟ್ಟರೆ ಹೋಗುವುದಿಲ್ಲ. "ನನಗೆ ಗೊತ್ತಿಲ್ಲ, ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳೋಣ" ಅಂದರೆ ಮರ್ಯಾದೆ ಏನೂ ಹೋಗುವುದಿಲ್ಲ.

ಆದರೆ ಸುಮ್ನೆ ಕೇಳುತ್ತಲೇ ಕೂತರೆ ಬಿತ್ತನೆ ತಪ್ಪುತ್ತದೆ, ಅಲ್ವಾ? ಕೇಳುವುದಕ್ಕೂ ಒಂದು ಗಡುವು ಇಡಿ. ಮುಂದಿನ ಸಲ ರೋಗ ತಡೆಯುವ ತಳಿ ಬಿತ್ತೋದು ಅಂತ ತೀರ್ಮಾನವಾದರೆ ಗಟ್ಟಿಯಾಗಿ ಹೇಳಿ, ಕಾರಣವನ್ನೂ ಹೇಳಿ, ಬೀಜ ತರುವವರ ಹೆಸರು ಅಲ್ಲೇ ಬರೆದುಕೊಳ್ಳಿ.