ಇಂಗ್ಲೆಂಡಿಗೆ ಹೊಸದಾಗಿ ಬಂದವರಿಗೆ: ಮನೆ ಖರ್ಚಿನ ಲೆಕ್ಕ

ಮೊದಲು ಪೌಂಡನ್ನು ರೂಪಾಯಿಗೆ ಗುಣಿಸುವುದನ್ನು ಬಿಡಿ. ಇಲ್ಲಿನ ಖರ್ಚನ್ನು ಇಲ್ಲಿನ ಸಂಬಳದ ಜೊತೆಗೇ ಹೊಂದಿಸಿ ನೋಡಿ. 2022ರ ಅಕ್ಟೋಬರ್‌ನಲ್ಲಿ ಇಲ್ಲಿ ಹಣದುಬ್ಬರ ಶೇ 11.1 ಮುಟ್ಟಿತ್ತು. ಆಮೇಲೆ ಏರುವ ವೇಗ ತಗ್ಗಿತು, ಆದರೆ ಏರಿದ ಬೆಲೆ ಏರಿದ್ದೇ. ಹಾಗಾಗಿ ಅದಕ್ಕೂ ಮುಂಚೆ ಬಂದ ಗೆಳೆಯರು ಹೇಳುವ ಅಂದಾಜು ನಂಬಿ ಬಜೆಟ್ ಹಾಕಬೇಡಿ.

ಮನೆ ನೋಡುವಾಗ ಬಾಡಿಗೆ ಜೊತೆ ಕೌನ್ಸಿಲ್ ಟ್ಯಾಕ್ಸ್ (ಊರಿನ ಸ್ಥಳೀಯ ಆಡಳಿತಕ್ಕೆ ಕಟ್ಟುವ ಮನೆ ತೆರಿಗೆ) ಯಾವ ಬ್ಯಾಂಡ್, ಅಂದರೆ ಯಾವ ದರದ ಗುಂಪು ಅಂತ ಕೇಳಿ. ವರ್ಷದ ತೆರಿಗೆಗೆ ಸಾಮಾನ್ಯವಾಗಿ 10 ಕಂತು ಹಾಕುತ್ತಾರೆ, ಕೇಳಿದರೆ 12 ಮಾಡಿಕೊಡುತ್ತಾರೆ. ಹೆಂಡತಿ ಮಕ್ಕಳು ಬರುವವರೆಗೆ ಒಬ್ಬರೇ ಇದ್ದೀರಾ? ಶೇ 25 ರಿಯಾಯಿತಿ ಇದೆ, ಅರ್ಜಿ ಹಾಕಿ. ವೀಸಾದಲ್ಲಿ ಸರ್ಕಾರಿ ನೆರವು ಪಡೆಯಬಾರದು ಅಂತಿದ್ದರೂ ಇದಕ್ಕೆ ತೊಂದರೆಯಿಲ್ಲ. ಬೇರೆ ಯಾವ ನೆರವಿಗಾದರೂ ವಿಚಾರಿಸಿಯೇ ಅರ್ಜಿ ಹಾಕಿ.

ಕರೆಂಟು, ಗ್ಯಾಸಿನ ವಿಷಯದಲ್ಲಿ ಹೊಸಬರು ತುಂಬಾ ಗೊಂದಲ ಮಾಡಿಕೊಳ್ಳುತ್ತಾರೆ. ಆಫ್‌ಜೆಮ್ (ಕರೆಂಟು, ಗ್ಯಾಸಿನ ದರ ನಿಯಂತ್ರಿಸುವ ಸಂಸ್ಥೆ) ಮೂರು ತಿಂಗಳಿಗೊಮ್ಮೆ ಹಾಕುವ ಮಿತಿ ಯೂನಿಟ್ ದರಕ್ಕೆ ಮತ್ತು ದಿನದ ಸ್ಟ್ಯಾಂಡಿಂಗ್ ಚಾರ್ಜಿಗೆ (ಬಳಸದಿದ್ದರೂ ಕಟ್ಟುವ ನಿಗದಿತ ಶುಲ್ಕ), ನಿಮ್ಮ ಒಟ್ಟು ಬಿಲ್ಲಿಗಲ್ಲ, ಜಾಸ್ತಿ ಉರಿಸಿದರೆ ಜಾಸ್ತಿ ಕಟ್ಟಲೇಬೇಕು. ಹಾಗಂತ ಹೀಟಿಂಗ್ ಪೂರ್ತಿ ಆರಿಸಿ ಮಕ್ಕಳನ್ನು ನಡುಗಿಸಬೇಡಿ, ದಯವಿಟ್ಟು. ತಣ್ಣನೆಯ ಕೋಣೆಯಲ್ಲಿ ಕಿಟಕಿ ಮುಚ್ಚಿ ಬಟ್ಟೆ ಒಣಗಿಸಿದರೆ ಗೋಡೆ ಮೂಲೆಯಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ, ಮಕ್ಕಳಿಗೆ ಕೆಮ್ಮು ಶುರುವಾಗುತ್ತದೆ. ಥರ್ಮೋಸ್ಟಾಟ್ ಒಂದು ಡಿಗ್ರಿ ಇಳಿಸಿ. ಕಾಂಬಿ ಬಾಯ್ಲರ್ (ಟ್ಯಾಂಕಿಲ್ಲದೆ ಬೇಕಾದಾಗಲೇ ನೀರು ಕಾಯಿಸುವಂಥದ್ದು) ಇದ್ದರೆ ರೇಡಿಯೇಟರ್‌ಗೆ ಹೋಗುವ ನೀರಿನ ಬಿಸಿಯನ್ನು 60 ಡಿಗ್ರಿಗೆ ಇಡಿ. ಮನೆ ಬೆಚ್ಚಗಾಗುವುದು ಸ್ವಲ್ಪ ನಿಧಾನ ಅಷ್ಟೇ, ಗ್ಯಾಸು ಉಳಿಯುತ್ತದೆ.

ಅಡುಗೆಯಲ್ಲಿ ಸುಲಭವಾಗಿ ಉಳಿಸಬಹುದು. ಅಕ್ಕಿ, ತೊಗರಿಬೇಳೆ, ರಾಗಿಹಿಟ್ಟನ್ನು ಇಂಡಿಯನ್ ಅಂಗಡಿಯಲ್ಲಿ ದೊಡ್ಡ ಚೀಲದಲ್ಲೇ ತನ್ನಿ. ತರಕಾರಿಗೆ ಆಲ್ಡಿ ಅಥವಾ ಲಿಡ್ಲ್ ಥರದ ಅಗ್ಗದ ಸೂಪರ್ ಮಾರ್ಕೆಟ್ ಸಾಕು. ವಿಮಾನದಲ್ಲಿ ಬಂದ ನುಗ್ಗೆಕಾಯಿ, ಹೀರೇಕಾಯಿ ವಾರವಾರ ಬೇಕೇ ಬೇಕು ಅಂದರೆ ಜೇಬು ಖಾಲಿ ಅಲ್ವಾ? ಎಲೆಕೋಸು, ಕ್ಯಾರೆಟ್ ಪಲ್ಯ ಮಾಡಿ, ಪಾಲಕ್ಕಿನಲ್ಲಿ ಮಸ್ಸೊಪ್ಪು ಚೆನ್ನಾಗಿಯೇ ಆಗುತ್ತದೆ. ತೆಂಗಿನಕಾಯಿ ತುರಿ ಫ್ರೋಜನ್ ಸಿಗುತ್ತದೆ. ಕರಿಬೇವು ಜಾಸ್ತಿ ತಂದರೆ ಬಿಡಿಸಿ ಫ್ರೀಜರಿನಲ್ಲಿಡಿ.

ಸರ್ಕಾರಿ ಶಾಲೆಯ ರಿಸೆಪ್ಷನ್ (ಇಯರ್ 1ಕ್ಕೂ ಮುಂಚಿನ ತರಗತಿ), ಇಯರ್ 1, ಇಯರ್ 2 ಮಕ್ಕಳಿಗೆ ಮಧ್ಯಾಹ್ನದ ಊಟ ಉಚಿತ. ಲಂಡನ್ನಿನಲ್ಲಿ 2023ರ ಸೆಪ್ಟೆಂಬರ್‌ನಿಂದ ಸರ್ಕಾರಿ ಪ್ರೈಮರಿ ಶಾಲೆಯ ಎಲ್ಲ ಮಕ್ಕಳಿಗೂ ಕೊಡುತ್ತಿದ್ದಾರೆ. ಸಸ್ಯಾಹಾರ ಬೇಕು ಅಂತ ಮೊದಲೇ ಹೇಳಿ. ಯೂನಿಫಾರ್ಮ್ ಹೊಸದೇ ಕೊಳ್ಳಬೇಕಿಲ್ಲ. ಬಹಳ ಶಾಲೆಗಳಲ್ಲಿ ಪೋಷಕರೇ ಬಳಸಿದ ಬಟ್ಟೆ ಮಾರುತ್ತಾರೆ, ಇದರಲ್ಲಿ ಸಂಕೋಚ ಬೇಡ.

ಯಾವುದಾದರೂ ಬಿಲ್ ಕಟ್ಟಲು ಆಗುತ್ತಿಲ್ಲ ಅನಿಸಿದರೆ ಕೊನೇ ದಿನ ದಾಟುವ ಮುಂಚೆಯೇ ಅವರಿಗೆ ಫೋನ್ ಮಾಡಿ ಕಂತು ಕೇಳಿ. ಸಿಟಿಜನ್ಸ್ ಅಡ್ವೈಸ್‌ನಲ್ಲಿ (ಜನರಿಗೆ ನೆರವಾಗುವ ಸೇವಾ ಸಂಸ್ಥೆ) ದುಡ್ಡಿಲ್ಲದೆ ಸಲಹೆ ಕೊಡುತ್ತಾರೆ. ಇಂಗ್ಲಿಷಿನಲ್ಲಿ ಮಾತಾಡಲು ಹಿಂಜರಿಕೆ ಇದ್ದರೆ ನಮ್ಮ ಸಂಘದವರನ್ನು ಕರೆಯಿರಿ, ಪಕ್ಕದಲ್ಲಿ ಕೂತು ಮಾತಾಡಲು ನೆರವಾಗುತ್ತೇವೆ.